ಇಲ್ಲದ ಕ್ಯಾಮೆರಾದ ಕೈಗುಣ

ಚಾಮರಾಜನಗರ
1-3-1999

ಚಿ. ಭವ್ಯಳಿಗೆ ನಿನ್ನಮ್ಮನ ಆಶೀರ್ವಾದಗಳು.

ಇಲ್ಲಿ ನಾನು ಕ್ಷೇಮ, ನಿನ್ನ ಕ್ಷೇಮಕ್ಕೆ ಕಾಗದ ಬರೆ ಎಂದು ಶುರುಮಾಡುವುದು ರೂಢಿ. ಈ ಸಲ ನನ್ನ ಕ್ಷೇಮ ನಿನ್ನ ಉತ್ತರದ ಮೇಲಿದೆ. ಆದ್ದರಿಂದ ಆ ಸಾಲನ್ನು ಖಾಲಿ ಬಿಟ್ಟಿದ್ದೇನೆ.

ನೀನು ಕಳಿಸಿದ ಕ್ಯಾಸೆಟ್ ಬಂತು. ನಮ್ಮ ಮನೆಯಲ್ಲಿ ವಿಸಿಆರ್ ಇಲ್ಲವಲ್ಲ, ಮನೆ ಮಾಲೀಕರಾದ ಖುರ್ಷೀದ್ ಬೇಗಂ ಅವರ ನಡುಮನೆಯಲ್ಲಿ ನಿನ್ನೆ ಹಾಕಿಸಿ ನೋಡಿದೆವು. ಅಷ್ಟು ಜನ ಅಷ್ಟು ತಿಂಗಳು ಚೆನ್ನೈನಲ್ಲಿ ಕೂತು ಮಾಡಿದ್ದು ಒಂದು ನಿಮಿಷದ ಟೀ ಪುಡಿ ಜಾಹೀರಾತೇ ಎಂದು ಮೊದಲು ನಗು ಬಂತು. ಆಮೇಲೆ ನಗು ಹೋಯಿತು. ಬೆಳಗಿನ ಮಾರ್ಕೆಟ್ಟು, ಈರುಳ್ಳಿ ರಾಶಿ, ಎರಡು ಲಾರಿಗಳ ನಡುವೆ ಸೂರ್ಯ, ತಕ್ಕಡಿ ಹಿಡಿದು ಹುರುಳಿಕಾಯಿ ತೂಗುವ ಮುದುಕಿ, ಆಮೇಲೆ ಮಳೆ, ಅವಳ ಕೈಗೊಂದು ಟೀ ಲೋಟ. ಮಳೆಯ ಹನಿಯೊಂದು ಕ್ಯಾಮೆರಾದ ಗಾಜಿನ ಮೇಲೆ ಬಿದ್ದು ಜಾರುತ್ತದಲ್ಲ, ಆಗ ಖುರ್ಷೀದ್ ಬೇಗಂ ಎದ್ದುಹೋಗಿ ಸೆರಗಿನಿಂದ ಟಿವಿ ಒರೆಸಿದರು. ಒರೆಸಿದರೂ ಹೋಗಲಿಲ್ಲ. ಇದು ಒಳಗಡೆ ಬಿದ್ದೈತೆ ಟೀಚರಮ್ಮ, ನನ್ ಸೆರಗಿಗೆ ಸಿಗಲ್ಲ ಅಂತ ಹೇಳಿ ಕೂತುಕೊಂಡರು.

ಮುದುಕಿ ಗೊಂಬೆ ಎಂದು ನನಗೂ ತಿಳಿಯಿತು, ಮುಖದಲ್ಲಿ ಒಂದು ನುಣುಪು ಇದೆ. ಕಂಪ್ಯೂಟರಿನಲ್ಲಿ ಗೊಂಬೆ ಮಾಡುವ ಕೆಲಸ ಎಂದು ನೀನು ಹೇಳಿಯೂ ಇದ್ದೆ. ಆದರೆ ಗೊಂಬೆಯಾಗಲಿ ಮನುಷ್ಯರಾಗಲಿ, ಚಿತ್ರ ತೆಗೆಯಬೇಕಾದರೆ ಕ್ಯಾಮೆರಾ ಹಿಡಿದು ಒಬ್ಬರು ನಿಲ್ಲಲೇಬೇಕಲ್ಲ. ಅಲ್ಲಿ ನಿಂತವರು ಯಾರು ಎಂದು ನೀನು ಮುಚ್ಚಿಟ್ಟರೂ ನನಗೆ ಗೊತ್ತಾಗಿದೆ.

ಒಂದೇ ಬೇಳೆ, ಒಂದೇ ಸಾರಿನ ಪುಡಿ, ಆದರೂ ಅಕ್ಕ ಮಾಡಿದ ಸಾರೇ ಬೇರೆ, ತಂಗಿ ಮಾಡಿದ ಸಾರೇ ಬೇರೆ. ಅದಕ್ಕೆ ಕೈಗುಣ ಎನ್ನುತ್ತೇವೆ. ಕ್ಯಾಮೆರಾಕ್ಕೂ ಕೈಗುಣ ಇದೆ. ನಿಮ್ಮಪ್ಪ ಗುಂಡ್ಲುಪೇಟೆ ಸುತ್ತಮುತ್ತ ತೆಗೆದ ಮದುವೆ ಕ್ಯಾಸೆಟ್ಟುಗಳಿಗೆಲ್ಲ ಪಕ್ಕದಲ್ಲಿ ಕೂತು ಹೆಣ್ಣಿನ ಕಡೆಯವರ, ಗಂಡಿನ ಕಡೆಯವರ ಹೆಸರಿನ ಕಾಗುಣಿತ ತಿದ್ದಿದವಳು ನಾನು. ಯಾರ ಮುಖಕ್ಕೂ ಅವರು ನೇರವಾಗಿ ಹೋದವರಲ್ಲ. ಮೊದಲು ಕೈಗೆ ಹೋಗಿ, ಅಲ್ಲಿ ಸ್ವಲ್ಪ ನಿಂತು, ಆಮೇಲೆ ಮುಖಕ್ಕೆ ಏರುವುದು. ದೊರೆಸ್ವಾಮಿ ಕ್ಯಾಸೆಟ್ ಹಾಕುದ್ರೆ ಬಳೆ ಅಂಗಡಿ ನೋಡ್ದಂಗಾಯ್ತದೆ ಅಂತ ಜನ ಆಡಿಕೊಳ್ಳುತ್ತಿದ್ದರು. ಮುಖ ಎಲ್ರೂ ನೋಡ್ತರೆ, ದುಡಿದಿರೊ ಕೈಯ ಯಾರ್ ನೋಡ್ತರೆ ಅಂತ ಇವರು. ಮೊಣಕಾಲು ನೋವಿನಿಂದ ಕಾಲು ಬದಲಾಯಿಸಿ ನಿಂತಾಗ ಚಿತ್ರ ಒಂದು ಸಲ ಕುಸಿದು ಮೇಲೇಳುತ್ತದೆ, ಅದೂ ಅವರದೇ. ನಿನ್ನ ಜಾಹೀರಾತಿನಲ್ಲಿ ಇವೆಲ್ಲ ಇವೆ. ಮುದುಕಿಯ ಕೈ ಮೊದಲು ಬಂತು, ಮುಖ ಆಮೇಲೆ ಬಂತು. ನಡುವೆ ಚಿತ್ರ ಕುಸಿದು ಎದ್ದಿತು.

ಆಯುಧಪೂಜೆಯ ದಿನ ಲಾರಿ ಪೂಜೆಯ ವಿಡಿಯೋ ತೆಗೆಯುವಾಗ ಲಾರಿಯ ಹಿಂಬದಿಯ ಬಾಗಿಲು ಕಳಚಿ ನಿಮ್ಮಪ್ಪನ ಬಲಗೈ ಮೇಲೆ ಬಿತ್ತು ಎಂದು, ತೆರಕಣಾಂಬಿಯಿಂದ ದಿನಾ ಬಸ್ಸಿನಲ್ಲಿ ಬರುವ ನಮ್ಮ ಶಾಲೆಯ ಸೋಮಯ್ಯ ಮೇಷ್ಟ್ರು ಹೇಳಿದ್ದರು. ಕೈ ಓಯ್ತಂತೆ ಕಣಮ್ಮ ಅಂತ ಅವರು ಅಂದದ್ದು ಇನ್ನೂ ಕಿವಿಯಲ್ಲಿದೆ. ಫೋನಿನಲ್ಲಿ ನಿನ್ನನ್ನು ಕೇಳಿದಾಗ ನೀನು ಸ್ವಲ್ಪ ಪೆಟ್ಟಂತೆ ಅಂದು ಮಾತು ತಿರುಗಿಸಿದೆ. ನಾನೇ ಹೋಗಿ ನೋಡಬಹುದಿತ್ತು. ಈ ಊರು ಜಿಲ್ಲೆಯಾದ ವರ್ಷ ನನಗೆ ಇಲ್ಲಿಗೆ ವರ್ಗವಾದಾಗ ಗುಂಡ್ಲುಪೇಟೆಯ ಸ್ಟುಡಿಯೋ ಬಿಟ್ಟು ಬರಲ್ಲ ಅಂತ ಅವರು ಅಂದರು, ಹಾಗಾದರೆ ಸ್ಟುಡಿಯೋನೇ ಅಡುಗೆ ಮಾಡಿ ಹಾಕಲಿ ಅಂತ ನಾನು ಅಂದೆ. ಮಾತು ಇಷ್ಟೇ. ಹಬ್ಬಕ್ಕೆ ಅವರು ಬರಲಿ ಎಂದು ನಾನು, ನಾನು ಬರಲಿ ಎಂದು ಅವರು, ಹೀಗೇ ಎಷ್ಟೋ ಹಬ್ಬಗಳು ಹೋದವು. ಕೈಗೆ ಪೆಟ್ಟಾದ ಸುದ್ದಿ ಕೇಳಿ ಬಸ್ ಸ್ಟ್ಯಾಂಡಿನವರೆಗೂ ಹೋದೆ. ಅಲ್ಲಿ ಅರ್ಧ ಕೆ.ಜಿ. ತೊಂಡೆಕಾಯಿ ತಗೊಂಡು ವಾಪಸ್ ಬಂದೆ.

ಈಗ ನನಗೆ ಒಂದೇ ವಿಷಯ ಹೇಳು. ಇದನ್ನು ಅವರು ತೆಗೆದದ್ದು ಪೆಟ್ಟಾಗುವ ಮೊದಲೋ, ಆಮೇಲೋ? ಆಮೇಲೆ ಅನ್ನುವುದಾದರೆ ಕೈ ಉಳಿದಿದೆ ಎಂದು ನಾನು ನೆಮ್ಮದಿಯಾಗಿ ಮಲಗುತ್ತೇನೆ. ಆದರೆ ಕೊನೆಯಲ್ಲಿ ಒಂದು ಕಡೆ ಕ್ಯಾಮೆರಾ ಮುದುಕಿಯನ್ನು ಅರ್ಧಕ್ಕೇ ಬಿಟ್ಟು ಎಡಕ್ಕೆ ಹೊರಳಿ ಖಾಲಿ ರಸ್ತೆಯನ್ನು ನೋಡುತ್ತಾ ನಿಲ್ಲುತ್ತದೆ. ಈ ಅಭ್ಯಾಸ ಅವರಿಗೆ ಎಂದೂ ಇರಲಿಲ್ಲ. ಮುಖಕ್ಕೆ ಬಂದಮೇಲೆ ಅವರು ಬಿಟ್ಟುಹೋಗುವವರಲ್ಲ. ಕೈ ಸೋತು ಹಾಗಾಯಿತೇ ಎಂದು ಕ್ಯಾಸೆಟ್ ಹಿಂದಕ್ಕೆ ತಿರುಗಿಸಿ ತಿರುಗಿಸಿ ನೋಡಿದೆ. ಖುರ್ಷೀದ್ ಬೇಗಂ ಒಳಗೆ ಹೋಗಿ ಟೀ ಮಾಡಿಕೊಂಡು ಬಂದರು.

ಊಟ ಹೊತ್ತಿಗೆ ಸರಿಯಾಗಿ ಮಾಡು.

ನಿನ್ನ ಅಮ್ಮ,
ಗುರುಮಲ್ಲಮ್ಮ

ಮರೆತ ಮಾತು: ನಾನು ಕೇಳಿದೆ ಎಂದು ಅವರಿಗೆ ಹೇಳಕೂಡದು. ಎಸ್‌ಟಿಡಿ ಬೂತಿನಿಂದ ಇದನ್ನೆಲ್ಲ ಕೇಳಲಾರೆ, ಅಲ್ಲಿ ನಮ್ಮ ಶಾಲೆ ಮಕ್ಕಳ ಅಪ್ಪಂದಿರು ಸಾಲಾಗಿ ನಿಂತಿರುತ್ತಾರೆ. ಕಾಗದದಲ್ಲೇ ಬರೆ.


ಚೆನ್ನೈ
7-3-1999

ಪ್ರೀತಿಯ ಅಮ್ಮನಿಗೆ ಭವ್ಯಳ ನಮಸ್ಕಾರಗಳು.

ನೀನು ಓದುತ್ತಾ ಓದುತ್ತಾ ಗಾಬರಿ ಬೀಳಬಾರದು ಎಂದು ಉತ್ತರವನ್ನು ಮೊದಲೇ ಬರೆಯುತ್ತೇನೆ. ಅಪ್ಪನ ಕೈ ಉಳಿದಿದೆ. ಮೂಳೆ ಕೂಡಿದೆ. ಉಂಗುರ ಬೆರಳು, ಕಿರುಬೆರಳು ಪೂರ್ತಿ ಮಡಚುವುದಿಲ್ಲ, ಸ್ವಲ್ಪ ನಡುಕ ಇದೆ, ಅಷ್ಟೇ. ಈಗ ಒಂದು ಲೋಟ ನೀರು ಕುಡಿದು ಮುಂದೆ ಓದು.

ಆದರೆ ಆ ಜಾಹೀರಾತನ್ನು ಅಪ್ಪ ತೆಗೆದದ್ದಲ್ಲ. ಯಾರೂ ತೆಗೆದದ್ದಲ್ಲ. ಅಲ್ಲಿ ಕ್ಯಾಮೆರಾ ಇರಲೇ ಇಲ್ಲ ಅಮ್ಮ. ಗೊಂಬೆ ಮಾಡಿ ಮೇಜಿನ ಮೇಲಿಟ್ಟು ಚಿತ್ರ ತೆಗೆದೆವು ಎಂದು ನೀನು ಅಂದುಕೊಂಡಿದ್ದೀಯ. ಗೊಂಬೆ, ಈರುಳ್ಳಿ, ಲಾರಿ, ಸೂರ್ಯ, ಎಲ್ಲವೂ ಕಂಪ್ಯೂಟರಿನ ಒಳಗಿನ ಲೆಕ್ಕ, ಮುಟ್ಟಲು ಏನೂ ಸಿಗುವುದಿಲ್ಲ. ಅದನ್ನು ನೋಡುವ ಕಣ್ಣು ಕೂಡ ಒಂದು ಚುಕ್ಕಿ ಮಾತ್ರ. ಅದಕ್ಕೆ ತೂಕವಿಲ್ಲ, ಗಾಜಿಲ್ಲ, ಹಿಡಿಯುವ ಕೈಯಿಲ್ಲ. ಗೋಡೆಯೊಳಗೆ ನುಗ್ಗು ಅಂದರೆ ನುಗ್ಗುತ್ತದೆ, ಈರುಳ್ಳಿಯ ಒಳಗೆ ಕೂತುಕೋ ಅಂದರೆ ಕೂತುಕೊಳ್ಳುತ್ತದೆ.

ಮೊದಲು ಹಾಗೇ ಮಾಡಿದ್ದೆವು. ಎಲ್ಲ ಚೊಕ್ಕವಾಗಿತ್ತು. ಕಾಲಬುಡದ ಈರುಳ್ಳಿಯೂ ಊರಾಚೆಯ ಲಾರಿಯೂ ಒಂದೇ ಸಮ ಸ್ಪಷ್ಟ, ಮುದುಕಿಯ ಸುತ್ತ ಚುಕ್ಕಿ ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ಸುತ್ತಿ ಬಂತು. ನಮ್ಮ ಡೈರೆಕ್ಟರ್ ತಮಿಳಿನವರು, ಕಡಿಮೆ ಮಾತಿನವರು. ನೋಡಿ ಮುಗಿಸಿ, ಇದ ಯಾರು ಪಾಕ್ಕುರಾಂಗ ಅಂತ ಕೇಳಿದರು. ಇದನ್ನೆಲ್ಲ ನೋಡುತ್ತಾ ಇರುವವರು ಯಾರು ಎಂದು.

ಅವತ್ತಿನಿಂದ ನಾವು ತಪ್ಪು ಹಾಕಲು ಕೂತೆವು. ಇಲ್ಲದ ಗಾಜಿಗೆ ಸೂರ್ಯ ಹೊಡೆದ ಹಾಗೆ ಬೆಳಕಿನ ಬಳೆಗಳನ್ನು ಬರೆದೆವು. ಹತ್ತಿರದ್ದನ್ನು ನೋಡುವಾಗ ದೂರದ್ದನ್ನು ಮಸುಕು ಮಾಡಿದೆವು. ಚಿತ್ರದ ಮೇಲೆಲ್ಲ ಹಳೆಯ ಫಿಲ್ಮಿನ ಹಾಗೆ ರವೆ ಉದುರಿಸಿದೆವು. ಆ ಮಳೆ ಹನಿ ನನ್ನ ಕೆಲಸ. ಇಲ್ಲಿ ಯಾರು ಹೊಗಳಿದರೂ ಅದು ಖುರ್ಷೀದ್ ಆಂಟಿಯ ಸೆರಗಿನ ಮುಂದೆ ಏನೂ ಅಲ್ಲ ಎಂದು ಅವರಿಗೆ ಹೇಳು. ಬಿಸಿಲಿಗೆ ಎದುರಾಗಿ ತೆಗೆದು ಬಳೆ ಬಿದ್ದರೆ ಅಪ್ಪ ಹಣೆ ಚಚ್ಚಿಕೊಳ್ಳುತ್ತಿದ್ದರಲ್ಲ, ಅದನ್ನೇ ನಾವಿಲ್ಲಿ ಸಂಬಳ ತಗೊಂಡು ಮಾಡುತ್ತೇವೆ.

ಕೊನೆಗೆ ಉಳಿದದ್ದು ಅಲ್ಲಾಟ. ಹೆಗಲ ಮೇಲೆ ಹೊತ್ತ ಕ್ಯಾಮೆರಾ ಅಲ್ಲಾಡುವ ಹಾಗೆ ಮಾಡು ಎಂದು ನನಗೆ ಕೊಟ್ಟರು. ಕಂಪ್ಯೂಟರಿನಲ್ಲಿ ಅದಕ್ಕೆ ಸಿದ್ಧ ನಡುಕ ಒಂದಿದೆ. ಹಾಕಿದರೆ ಚಳಿಜ್ವರ ಬಂದವರು ತೆಗೆದ ಹಾಗಾಯಿತು. ಕಮ್ಮಿ ಮಾಡಿದರೆ ಜ್ವರ ಬಿಡುತ್ತಿರುವವರ ಹಾಗಾಯಿತು. ಸಂಕ್ರಾಂತಿ ರಜೆ ಮುಗಿಯುವುದರೊಳಗೆ ಆಗದಿದ್ದರೆ ಬೇರೆಯವರಿಗೆ ಕೊಡುತ್ತೇನೆ ಅಂದರು. ನೀನು ಬರೆದೆಯಲ್ಲ ಕೈಗುಣ ಅಂತ, ನಮ್ಮ ಕೈಲಿ ಇಲ್ಲದೆ ಇದ್ದದ್ದು ಅದು. ಇಷ್ಟು ದಿನ ನನಗೆ ಆ ಪದವೇ ನೆನಪಾಗಲಿಲ್ಲ ನೋಡು.

ಹಬ್ಬಕ್ಕೆ ಬಂದವಳು ಮೈಸೂರಿನ ಗೆಳತಿಯ ಮನೆಗೆ ಎಂದು ಹೊರಟೆನಲ್ಲ, ಗುಂಡ್ಲುಪೇಟೆಗೆ ಹೋಗಿದ್ದೆ. ಬೈಯುವುದಿದ್ದರೆ ಈ ಸಾಲಿನ ಹತ್ತಿರ ನಿಂತು ಬೈದು ಮುಗಿಸಿಬಿಡು.

ಸ್ಟುಡಿಯೋದಲ್ಲಿ ಅಪ್ಪ ಎಡಗೈಯಲ್ಲಿ ಪಾಸ್‌ಪೋರ್ಟ್ ಸೈಜ್ ಫೋಟೋ ತೆಗೆಯುತ್ತಾ ಕೂತಿದ್ದರು. ದೊಡ್ಡ ಕ್ಯಾಮೆರಾ ಬಟ್ಟೆ ಸುತ್ತಿಕೊಂಡು ಅಟ್ಟ ಸೇರಿತ್ತು. ಇಳಿಸು ಅಂದೆ. ಬುಡು ಕಣಮ್ಮಿ, ನಡುಗೊ ಕೈಲಿ ತೆಗುದ್ರೆ ಮದ್ವೆಯವ್ರು ಒಪ್ಪರಾ ಅಂದರು. ನನಗೆ ಬೇಕಿರುವುದು ಆ ನಡುಕವೇ ಅಂದೆ. ಆಡಿಕೊಳ್ಳುತ್ತಿದ್ದೇನೆ ಎಂದು ತಿಳಿದು ಅಪ್ಪ ಮುಖ ತಿರುಗಿಸಿಕೊಂಡರು. ಕೂತು ಎಲ್ಲ ಬಿಡಿಸಿ ಹೇಳಿದ ಮೇಲೆ ನಕ್ಕುಬಿಟ್ಟರು. ಗಿರಾಕಿಗಳನ್ನ ಬೇಕಾದಷ್ಟು ಕಂಡಿವ್ನಿ, ನಡುಕ ಕೊಡಿ ಅಂತ ಬಂದಿರೋಳು ನೀನೇ ಮೊದ್ಲು ಅಂದರು.

ಮಾರನೆಯ ಬೆಳಿಗ್ಗೆ ಬಸ್ ಸ್ಟ್ಯಾಂಡ್ ಪಕ್ಕದ ಮಾರ್ಕೆಟ್ಟಿಗೆ ಹೋದೆವು. ಕ್ಯಾಮೆರಾ ಹೆಗಲಿಗೆ ಏರಿಸಿದ್ದು ನಾನೇ, ಅದರ ಕೆಳಗೆ ಎಡಗೈ ಕೊಟ್ಟುಕೊಂಡದ್ದು ಅವರು. ಮೊದಮೊದಲು ನನ್ನ ಕಡೆ ತಿರುಗಿ ತಿರುಗಿ ನೋಡುತ್ತಿದ್ದರು, ಆಮೇಲೆ ನಾನಿರುವುದನ್ನು ಮರೆತರು. ಹುರುಳಿಕಾಯಿ ತೂಗುತ್ತಿದ್ದ ಒಬ್ಬ ಅಜ್ಜಿಯ ಹತ್ತಿರ ಹೋದಾಗ ಮೊದಲು ಕೈ, ಆಮೇಲೆ ಮುಖ. ಆ ಟೇಪನ್ನು ಇಲ್ಲಿಗೆ ತಂದು, ಒಂದೊಂದೇ ಚಿತ್ರ ನಿಲ್ಲಿಸಿ, ಕ್ಯಾಮೆರಾ ಎಲ್ಲಿ ಏರಿತು, ಎಲ್ಲಿ ಕುಸಿಯಿತು, ಎಲ್ಲಿ ವಾಲಿತು ಎಂದು ಗುರುತು ಹಾಕಿ ಕಂಪ್ಯೂಟರಿನ ಚುಕ್ಕಿಗೆ ಅದನ್ನೇ ಕಲಿಸಿದೆ. ಚುಕ್ಕಿಗೆ ಹೆಗಲು ಬಂತು, ಮೊಣಕಾಲು ನೋವೂ ಬಂತು. ಡೈರೆಕ್ಟರ್ ನೋಡಿ, ಇಪ್ಪೊ ಆಳ್ ಇರುಕ್ಕು ಅಂದರು. ಈಗ ಒಬ್ಬ ಮನುಷ್ಯ ಇದ್ದಾನೆ ಎಂದು. ನಾನು ಬಾತ್‌ರೂಮಿಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

ಆದ್ದರಿಂದ ನೀನು ಹೇಳಿದ್ದು ತಪ್ಪು, ಆದರೂ ಸರಿ. ಕ್ಯಾಮೆರಾ ಇರಲಿಲ್ಲ. ಕೈ ಮಾತ್ರ ಅಪ್ಪನದೇ. ಪೆಟ್ಟಾದ ಮೇಲಿನ ಕೈ, ಈ ಸಂಕ್ರಾಂತಿಯ ಕೈ.

ಯಾಕೆ ಹೇಳಲಿಲ್ಲ ಅಂದರೆ, ಅಪ್ಪ ನನ್ನ ತಲೆ ಮುಟ್ಟಿಸಿ ಆಣೆ ಹಾಕಿಸಿದ್ದರು. ಕೈ ಸರಿಯಾದ್ಮೇಲೆ ನಾನೇ ಓಯ್ತಿನಿ ಕಣಮ್ಮಿ, ಮುರ್ದ ಕೈ ಇಟ್ಕಂಡು ಓದ್ರೆ ಉಣ್ಣಕ್ಕೆ ದಿಕ್ಕಿಲ್ದೆ ಬಂದ ಅಂತಾಳೆ ನಿಮ್ಮವ್ವ ಅಂದರು. ನಾನು ಕೇಳಿದೆ ಅನ್ನಬೇಡ ಎಂದು ನೀನು, ಕೈ ವಿಷಯ ಹೇಳಬೇಡ ಎಂದು ಅವರು. ನಿಮ್ಮಿಬ್ಬರ ನಡುವೆ ನಾನು ನಡುದಾರಿಯ ತೆರಕಣಾಂಬಿ ಆಗಿಹೋಗಿದ್ದೇನೆ. ಎರಡೂ ಕಡೆಯ ಬಸ್ಸು ಬಂದು ನಿಲ್ಲುತ್ತದೆ, ನೀವಿಬ್ಬರೂ ಹತ್ತುವುದಿಲ್ಲ, ಇಳಿಯುವುದಿಲ್ಲ. ಇವತ್ತು ಆಣೆ ಮುರಿದಿದ್ದೇನೆ. ನನ್ನ ತಲೆ ಇನ್ನೂ ಜಾಗದಲ್ಲೇ ಇದೆ, ಮನಸ್ಸು ಹಗುರವಾಗಿದೆ.

ಈಗ ದಿನಾ ಬೆಳಿಗ್ಗೆ ಅಭ್ಯಾಸಕ್ಕೆ ಎಂದು ಕ್ಯಾಮೆರಾ ಹೊತ್ತು ಮಾರ್ಕೆಟ್ಟಿಗೆ ಹೋಗುತ್ತಾರಂತೆ. ಯುಗಾದಿಗೆ ನನಗೆ ರಜೆ ಇಲ್ಲ.

ನಿನ್ನ ಮಗಳು,
ಭವ್ಯ

ಕಡೆಯ ಮಾತು: ಕೊನೆಯಲ್ಲಿ ಎಡಕ್ಕೆ ಹೊರಳಿದ್ದು ಕೈ ಸೋತದ್ದಲ್ಲ. ಅಪ್ಪ ತೆಗೆದ ಟೇಪಿನಲ್ಲಿ ಆ ಜಾಗಕ್ಕೆ ಚಾಮರಾಜನಗರದ ಬಸ್ಸು ಬಂದು ನಿಲ್ಲುತ್ತದೆ. ಇಳಿಯುವವರು ಪೂರ್ತಿ ಇಳಿದು ಮುಗಿಯುವವರೆಗೂ ಕ್ಯಾಮೆರಾ ಅಲ್ಲೇ ಇರುತ್ತದೆ. ಅವತ್ತು ಎಷ್ಟು ಬಸ್ಸು ಬಂದವೋ ಅಷ್ಟು ಸಲವೂ ಹಾಗೇ. ಜಾಹೀರಾತಿನಲ್ಲಿ ಬಸ್ಸಿಲ್ಲ, ಅದಕ್ಕೇ ನಿನಗೆ ಖಾಲಿ ರಸ್ತೆ ಕಂಡಿತು. ಡೈರೆಕ್ಟರ್ ಅದನ್ನು ಕತ್ತರಿಸು ಅಂದರು, ನಾನು ಕತ್ತರಿಸಲಿಲ್ಲ.


ಗುಂಡ್ಲುಪೇಟೆ
19-3-1999

ಚಿ. ಭವ್ಯಳಿಗೆ ಆಶೀರ್ವಾದಗಳು.

ಮೇಲೆ ಊರಿನ ಹೆಸರು ನೋಡಿದೆಯಲ್ಲ, ಕ್ಷೇಮದ ಸಾಲನ್ನು ಇವತ್ತು ಧಾರಾಳವಾಗಿ ಬರೆಯುತ್ತೇನೆ. ಇಲ್ಲಿ ನಾವಿಬ್ಬರೂ ಕ್ಷೇಮ.

ನಿನ್ನ ಕಾಗದ ಓದಿ, ಬೈಯಲು ಜಾಗ ತೋರಿಸಿದ್ದ ಕಡೆ ನಿಂತು ಒಂದೆರಡು ಬೈದೆ. ಅದರ ಮುಂದಿನದನ್ನು ಓದುವಾಗ ಅಕ್ಷರ ಕಾಣಲಿಲ್ಲ. ಅಲ್ಲಿ ಕ್ಯಾಮೆರಾ ಇರಲಿಲ್ಲವಂತೆ ಎಂದು ಖುರ್ಷೀದ್ ಬೇಗಂ ಅವರಿಗೆ ಹೇಳಿದರೆ, ಹಂಗಾದ್ರೆ ಮಳೆ ಯಾರ್ ಮೇಲೆ ಬಿತ್ತು ಟೀಚರಮ್ಮ ಅಂತ ಕೇಳಿದರು. ಅದಕ್ಕೆ ನೀನೇ ಬಂದು ಉತ್ತರ ಕೊಡು. ಮನೆ ಬೀಗದ ಕೈ ಇಸಕೊಂಡು, ಹಬ್ಬ ಮುಗುಸ್ಕೊಂಡೇ ಬನ್ನಿ, ಹಾಲಿನವನಿಗೆ ನಾನು ಹೇಳ್ಕೊಂತೀನಿ ಅಂದರು.

ಹಬ್ಬದ ಹಿಂದಿನ ದಿನ ರಜೆ ಹಾಕಿ ಮೊದಲ ಬಸ್ಸಿಗೇ ಹೊರಟೆ. ಚೀಲದಲ್ಲಿ ಬೇವಿನ ಹೂವು, ಬೆಲ್ಲ, ಒಬ್ಬಟ್ಟಿಗೆ ಬೇಳೆ. ಈ ಸಲ ತೊಂಡೆಕಾಯಿ ತಗೊಳ್ಳಲಿಲ್ಲ. ತೆರಕಣಾಂಬಿಯಲ್ಲಿ ಬಸ್ಸು ನಿಂತಾಗ ನಿನ್ನ ಮಾತು ನೆನೆದು ಒಬ್ಬಳೇ ನಕ್ಕೆ, ಪಕ್ಕದವರು ಸ್ವಲ್ಪ ಸರಿದು ಕೂತರು.

ಗುಂಡ್ಲುಪೇಟೆಯಲ್ಲಿ ಬಸ್ಸು ತಿರುಗುವಾಗಲೇ ಕಿಟಕಿಯಿಂದ ನಿಮ್ಮಪ್ಪ ಕಂಡರು. ಈರುಳ್ಳಿ ರಾಶಿಯ ಪಕ್ಕ ಕ್ಯಾಮೆರಾ ಹೊತ್ತು ನಿಂತಿದ್ದರು, ಸೊರಗಿದ್ದರು. ಬಸ್ಸು ನಿಂತಿತು, ಕ್ಯಾಮೆರಾ ಈ ಕಡೆ ಹೊರಳಿತು. ನಾನು ಬೇಕೆಂದೇ ಕೊನೆಗೆ ಇಳಿದೆ. ಇಳಿದು ಸೆರಗು ಸರಿಮಾಡಿಕೊಂಡು, ಚೀಲವನ್ನು ಎರಡೂ ಕೈಯಲ್ಲಿ ಹಿಡಿದು, ಮೊದಲು ಕೈಯೇ ಬೀಳಲಿ ಎಂದು ನಿಂತೆ. ಅವರ ಬಲಗೈ ಚೆನ್ನಾಗಿಯೇ ನಡುಗುತ್ತಿತ್ತು, ನಾನು ನೋಡಿದೆ. ಎಷ್ಟು ಹೊತ್ತಾದರೂ ಕ್ಯಾಮೆರಾ ಇಳಿಸಲಿಲ್ಲ. ಹಿಂದಿನಿಂದ ಇನ್ನೊಂದು ಬಸ್ಸು ಬಂದು ಹಾರ್ನ್ ಹೊಡೆದ ಮೇಲೆ ಇಳಿಸಿದರು. ಬಸ್ ರಶ್ಶಾಗಿತ್ತಾ ಅಂತ ಕೇಳಿದರು. ಇಲ್ಲ, ಸೀಟು ಸಿಕ್ತು ಅಂದೆ. ಇಷ್ಟು ಕಾಲದ ಮೇಲೆ ನಾವು ಆಡಿದ ಮೊದಲ ಮಾತು ಇದು.

ಮನೆಗೆ ಬಂದು ಕಾಲು ತೊಳೆಯುವುದಕ್ಕೂ ಬಿಡದೆ ಟೇಪ್ ಹಾಕಿದರು. ಕೈಕೊಟ್ಟಿತ್ತು. ಮಾರ್ಕೆಟ್ಟಿನ ಅಜ್ಜಿಯನ್ನು ತೆಗೆಯುವಾಗಲೇ ಗುಂಡಿ ಒತ್ತಿದ್ದರಂತೆ. ನನ್ನನ್ನು ಕಂಡ ಗಡಿಬಿಡಿಯಲ್ಲಿ ಮತ್ತೆ ಒತ್ತಿದ್ದಾರೆ, ನಿಂತುಹೋಗಿದೆ. ಇಳಿಸುವಾಗ ನಿಲ್ಲಿಸುತ್ತೇನೆ ಎಂದು ಒತ್ತಿದ್ದಾರೆ, ಶುರುವಾಗಿದೆ. ಹೀಗಾಗಿ ನಾನು ಬಸ್ಸಿಳಿದದ್ದು ಒಂದು ಚೂರೂ ಬಂದಿಲ್ಲ. ಬಸ್ ಸ್ಟ್ಯಾಂಡಿನಿಂದ ಮನೆಯವರೆಗೆ ರಸ್ತೆಯ ಮಣ್ಣು, ಅವರ ಹವಾಯಿ ಚಪ್ಪಲಿ, ನನ್ನ ಸೀರೆಯ ಅಂಚು, ಇಷ್ಟೇ ಬಂದಿದೆ. ಜೊತೆಗೆ ನನ್ನ ದನಿ. ಕೈಗೆ ಎಣ್ಣೆ ಹಚ್ಚಿಲ್ಲ, ಗಡ್ಡ ತೆಗೆದಿಲ್ಲ, ಹೇಳಿ ಕಳಿಸುವುದಕ್ಕೆ ಏನಾಗಿತ್ತು ಎಂದು ದಾರಿಯುದ್ದಕ್ಕೂ ಬೈದದ್ದೇ ಬೈದದ್ದು. ಇವರು ಹೂಂ, ಹೂಂ ಅಂದದ್ದು ಬಿಟ್ಟರೆ ಬೇರೆ ಮಾತಿಲ್ಲ. ತಲೆ ಮೇಲೆ ಕೈ ಹೊತ್ತು ಕೂತು ನೋಡಿದರು. ನನಗೆ ನಗು ತಡೆಯಲಾಗಲಿಲ್ಲ, ಆಮೇಲೆ ಅವರೂ ನಕ್ಕರು.

ಕೈಯನ್ನು ಹಗಲ ಬೆಳಕಿನಲ್ಲಿ ಹಿಡಿದು ನೋಡಿದೆ. ನೀನು ಬರೆದ ಹಾಗೇ ಇದೆ, ಕಮ್ಮಿಯೂ ಇಲ್ಲ ಹೆಚ್ಚೂ ಇಲ್ಲ. ಹರಳೆಣ್ಣೆ ಬಿಸಿ ಮಾಡಿ ತಿಕ್ಕುತ್ತಿದ್ದೇನೆ. ಒಬ್ಬಟ್ಟು ಮುರಿಯಲು ಆ ಎರಡು ಬೆರಳು ಬೇಕಿಲ್ಲ ಎಂದು ನಿನ್ನೆ ತಿಂದು ತೋರಿಸಿದರು. ಇಷ್ಟು ದಿನ ಎದೆಯ ಮೇಲಿದ್ದದ್ದು ಇಳಿಯಿತು ಕಣಮ್ಮ. ಸೋಮವಾರ ಶಾಲೆಗೆ ಹೋಗುತ್ತೇನೆ, ಶನಿವಾರ ಬರುತ್ತೇನೆ. ನಡುವೆ ಮದುವೆ ಇಲ್ಲದ ಭಾನುವಾರ ಅವರೂ ಬರುತ್ತಾರಂತೆ. ಸ್ಟುಡಿಯೋ ಇಲ್ಲಿರಲಿ, ಶಾಲೆ ಅಲ್ಲಿರಲಿ. ಬಸ್ಸು ಎರಡು ಕಡೆಗೂ ಓಡುತ್ತದೆ ಎನ್ನುವುದು ಕೊನೆಗೂ ಇಬ್ಬರಿಗೂ ಗೊತ್ತಾಯಿತು.

ಆಣೆ ಮುರಿದದ್ದಕ್ಕೆ ನಿನ್ನ ತಲೆಗೆ ದೃಷ್ಟಿ ತೆಗೆದು ಹಾಕಿದ್ದೇನೆ, ಇಲ್ಲಿಂದಲೇ.

ನಿನ್ನ ಅಮ್ಮ,
ಗುರುಮಲ್ಲಮ್ಮ

ಕೆಳಗೆ ಎರಡು ಸಾಲು ತಾವೇ ಬರೆಯುತ್ತೇನೆ ಎಂದು ನಿಮ್ಮಪ್ಪ ಪೆನ್ನು ಕಿತ್ತುಕೊಳ್ಳುತ್ತಿದ್ದಾರೆ. ಕಾಗುಣಿತ ನಾನು ತಿದ್ದುವುದಿಲ್ಲ:

ಅಕ್ಷರ ಸೊಟ್ಟಗವೆ, ಹಂಗೇ ಓದ್ಕೊ ಕಣಮ್ಮಿ. ನಿಮ್ಮವ್ವ ಬಸ್ಸಿಳ್ದಿದ್ದು ನನ್ ಟೇಪಲ್ಲಿ ಬರ್ಲಿಲ್ಲ. ನಿನ್ ಕಂಪ್ಯೂಟರಲ್ಲಿ ಮಾಡ್ಕೊಡು. ನೀಲಿ ಸೀರೆ, ಎರಡ್ ಕೈಲೂ ಚೀಲ. ಮೊದ್ಲು ಕೈ, ಆಮೇಲೆ ಮುಖ. ಬಿಸ್ಲಿತ್ತು, ಬೆಳಕಿನ್ ಬಳೆ ಹಾಕು. ಗಾಜಿನ್ ಮೇಲೆ ಒಂದ್ ಹನಿ ನೀರೂ ಹಾಕು, ಅದೂ ಇತ್ತು. ಅಲ್ಲಾಟ ಮಾತ್ರ ಹಾಕ್ಬೇಡ. ಮೇಲ್ಗಡೆ ನಿಮ್ಮವ್ವ ಬರ್ದಿರದು ಸುಳ್ಳು. ಅವತ್ತು ನನ್ ಕೈ ನಡುಗ್ಲಿಲ್ಲ.